ಕ್ರಿಸ್‌ಮಸ್ ತಟ್ಟೆ ಯಾರ ಕೈಯಲ್ಲಿ? ಮಕ್ಕಳಿಗೆ ಕೊಡುವುದನ್ನು ಕಲಿಸುವ ಬಗೆ

ಕೊಯಮತ್ತೂರು: ಡಿಸೆಂಬರ್ ಮೂರನೇ ವಾರ ಬಂತೆಂದರೆ ಸಾಕು, ನಮ್ಮ ಬೀದಿಯ ಕ್ರೈಸ್ತರ ಮನೆಗಳಿಂದ ಎಣ್ಣೆ ಕಾಯುವ ವಾಸನೆ ಬರತೊಡಗುತ್ತದೆ. ಮುರುಕ್ಕು, ಅಚ್ಚುಮುರುಕ್ಕು, ಅದಿರಸ... ಕನ್ನಡ ಮಾತಾಡುವಾಗ ನಾವೇ ಇದನ್ನು ಕಜ್ಜಾಯ ಅನ್ನುತ್ತೇವೆ, ತಮಿಳಿಗೆ ಹೊರಳಿದೊಡನೆ ಅದಿರಸ ಅನ್ನುತ್ತೇವೆ. ಹೆಸರು ಏನಾದರೂ ಇರಲಿ, ಬೆಲ್ಲ ಅಕ್ಕಿಹಿಟ್ಟು ಅದೇ ತಾನೆ!

25ರ ಬೆಳಿಗ್ಗೆ ಚರ್ಚಿನಿಂದ ಬಂದ ಮೇಲೆ ಆ ಮನೆಗಳ ಮಕ್ಕಳು ಹೊಸ ಬಟ್ಟೆ ತೊಟ್ಟು, ಮೇಲೊಂದು ಬಟ್ಟೆ ಮುಚ್ಚಿದ ತಟ್ಟೆ ಹಿಡಿದು ಮನೆಮನೆಗೂ ಬರುತ್ತಾರೆ. "ಅಕ್ಕಾ, ಅಮ್ಮಾ ಕುಡುತ್ತುಟ್ಟು ವರಚ್ಚೊನ್ನಾಂಗ" ಅನ್ನುತ್ತಾ ಬಾಗಿಲಲ್ಲಿ ನಿಲ್ಲುತ್ತಾರೆ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ಹೊಸ ಫ್ರಾಕಿನ ಅಂಚಿನ ಮೇಲೆ. ಚಿಕ್ಕಂದಿನಿಂದ ನೋಡುತ್ತಾ ಬಂದ ದೃಶ್ಯವಾದ್ದರಿಂದ ಅದರಲ್ಲಿ ವಿಶೇಷವೇನೂ ಇದೆ ಎಂದು ನನಗೆ ಬಹಳ ವರ್ಷ ಅನ್ನಿಸಿರಲಿಲ್ಲ. ಅನ್ನಿಸಿದ್ದು ಬೇರೊಂದು ಘಟನೆಯಾದ ಮೇಲೆ.

ಕೆಲವು ವರ್ಷಗಳ ಹಿಂದೆ, ಇಂಥದೇ ಡಿಸೆಂಬರಿನಲ್ಲಿ, ಮಲೆಯ ಬುಡದ ಒಂದು ಹಳ್ಳಿ ಶಾಲೆಗೆ ವರದಿಗೆಂದು ಹೋಗಿದ್ದೆ. ಊರಿನ ಅನುಕೂಲಸ್ಥರೊಬ್ಬರು ಕ್ರಿಸ್‌ಮಸ್ ಪ್ರಯುಕ್ತ ಬಡ ಮಕ್ಕಳಿಗೆ ಸ್ವೆಟರ್ ಹಂಚುವ ಕಾರ್ಯಕ್ರಮ. ಅವರ ಮಗನೂ ಅದೇ ಶಾಲೆಯಲ್ಲಿ ಐದನೇ ತರಗತಿ. 'ಮಕ್ಕಳಿಗೆ ಕೊಡುವ ಗುಣ ಈಗಲೇ ಬರಬೇಕು ನೋಡಿ' ಎಂದು ಅವರು ಮಗನ ಕೈಯಿಂದಲೇ ಪೊಟ್ಟಣ ಕೊಡಿಸಿದರು. ನಾನು ಫೋಟೋ ತೆಗೆದೆ. ಒಂದು ಹುಡುಗಿ ತಲೆ ತಗ್ಗಿಸಿ ಪೊಟ್ಟಣ ಇಸಿದುಕೊಂಡಿದ್ದರಿಂದ ಮುಖ ಬರಲಿಲ್ಲ. "ವಾಪಸ್ ಕೊಡಮ್ಮಾ, ಇನ್ನೊಂದು ಸಲ ಇಸ್ಕೊ, ಕ್ಯಾಮೆರಾ ನೋಡು" ಎಂದೆ. ಅವಳು ಹಾಗೆಯೇ ಮಾಡಿದಳು. ಫೋಟೋ ಚೆನ್ನಾಗಿ ಬಂತು, ಅಚ್ಚೂ ಆಯಿತು.

ಪೊಂಗಲ್ ಕಳೆದ ಮೇಲೆ ಅದೇ ಶಾಲೆಯ ಟೀಚರ್ ಒಬ್ಬರು ಬಸ್ಸಿನಲ್ಲಿ ಸಿಕ್ಕರು. ಆಟದಲ್ಲಿ ಏನೋ ಜಗಳವಾಗಿ ಆ ಹುಡುಗ ಎಲ್ಲರ ಮುಂದೆ, 'ನೀನು ಹಾಕ್ಕೊಂಡಿರೋ ಸ್ವೆಟರ್ ನಮ್ಮಪ್ಪ ಕೊಟ್ಟಿದ್ದು, ಬಿಚ್ಚು' ಅಂದನಂತೆ. ಹುಡುಗಿ ಬಿಚ್ಚಿಯೇ ಬಿಟ್ಟಳಂತೆ. ಆಮೇಲೆ ಅದನ್ನು ಹಾಕಿಕೊಳ್ಳಲೇ ಇಲ್ಲ, ಬೆಳಗಿನ ಚಳಿಯಲ್ಲಿ ನಡುಗುತ್ತಾ ಬರುತ್ತಿದ್ದಾಳೆ ಎಂದರು.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನು ಕಲಿತ ಪಾಠವನ್ನೇ ಒಪ್ಪಿಸಿದ. ಅಪ್ಪನ ದುಡ್ಡು, ಅಪ್ಪ ಆರಿಸಿದ ವಸ್ತು, ಅಪ್ಪ ಕರೆಸಿದ ಕ್ಯಾಮೆರಾ. ಅವನದು ಅಂತ ಇದ್ದದ್ದು ಕೈ ಮಾತ್ರ. ಕೊಡುವವನು ಮೇಲೆ, ತೆಗೆದುಕೊಳ್ಳುವವಳು ಕೆಳಗೆ ಎನ್ನುವುದಷ್ಟೇ ಅವನಿಗೆ ಅಂದು ಗೊತ್ತಾದದ್ದು. ಅದನ್ನು ಗಟ್ಟಿ ಮಾಡಿದ್ದರಲ್ಲಿ ನನ್ನ ಪಾಲೂ ಇದೆ. 'ಇನ್ನೊಂದು ಸಲ ಇಸ್ಕೊ' ಎಂದವನು ನಾನೇ ತಾನೆ?

ಅಂದಿನಿಂದ ತಟ್ಟೆ ಹಿಡಿದು ಬರುವ ಮಕ್ಕಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದೇನೆ. ಅವರೂ ಕೊಡಲಿಕ್ಕೇ ಬರುವವರು. ಆದರೆ ಯಾರೂ ಅವರ ಮುಂದೆ ತಲೆ ತಗ್ಗಿಸುವುದಿಲ್ಲ. ಏಕೆ?

ಕರಾವಳಿಯ ಕುಸ್ವಾರ್

ಕರ್ನಾಟಕದ ಕರಾವಳಿಯಲ್ಲಿ ಈ ತಟ್ಟೆಗೆ ಒಂದು ಹೆಸರೇ ಇದೆ. ಮಂಗಳೂರಿನ ಕೊಂಕಣಿ ಕಥೋಲಿಕರು ಕ್ರಿಸ್‌ಮಸ್‌ಗೆ ಮಾಡುವ ತಿಂಡಿಗಳನ್ನೆಲ್ಲ ಒಟ್ಟಾಗಿ 'ಕುಸ್ವಾರ್' ಎನ್ನುತ್ತಾರೆ. ಎಳ್ಳು-ಕಾಯಿ ಹೂರಣದ ನೆವ್ರ್ಯೊ (ನಮ್ಮ ಕರ್ಜಿಕಾಯಿಯ ತಂಗಿ), ಗುಲಾಬಿ ಹೂವಿನ ಅಚ್ಚಿನ ತಿಂಡಿ, ಚಕ್ಕುಲಿ, ಜೊತೆಗೆ 'ಕಿಡ್ಯೊ'. ಕಿಡ್ಯೊ ಎಂದರೆ ಹುಳುಗಳು! ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೋ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯಾದ ಹುಳುವಿನಂತೆ ಕಾಣುತ್ತದೆ, ಅದನ್ನು ಕರಿದು ಸಕ್ಕರೆ ಪಾಕ ಹಿಡಿಸುತ್ತಾರೆ. ನಮ್ಮ ಕಡೆ ಇದೇ 'ಕಲ್‌ಕಲ್'.

ಕಿಡ್ಯೊ ವಿಷಯವನ್ನು ಇಷ್ಟು ಉದ್ದ ಹೇಳಲು ಕಾರಣವಿದೆ. ದೊಡ್ಡವರಿಗೆ ಬೇಸರ ಹುಟ್ಟಿಸುವ ಕೆಲಸ ಅದು. ನೂರಾರು ಸುತ್ತಬೇಕು. ಹಾಗಾಗಿ ಇಡೀ ಮನೆ ಮೇಜಿನ ಸುತ್ತ ಕೂರುತ್ತದೆ, ಮಕ್ಕಳ ಪುಟ್ಟ ಬೆರಳುಗಳಿಗೆ ನಿಜವಾದ ಕೆಲಸ ಸಿಗುತ್ತದೆ. ಒಂದು ಸಂಜೆ ಕೂತು ಸುತ್ತಿದ ಹುಡುಗ ಮಾರನೇ ದಿನ ತಟ್ಟೆ ಹಿಡಿದು ಹೋಗುವಾಗ ಅದು ಅಮ್ಮನ ತಿಂಡಿಯಲ್ಲ, ತನ್ನದು. ಡೊಂಕಾದ ಕಿಡ್ಯೊ ಯಾವುದು, ಅದನ್ನು ಮಾಡಿದ್ದು ಯಾರು ಎನ್ನುವುದೂ ಅವನಿಗೆ ಗೊತ್ತು. ಡಬ್ಬಕ್ಕೆ ಹಾಕುವ ಮೊದಲು ತಿನ್ನಬಾರದು ಎಂಬ ಆಸೆ ತಡೆದುಕೊಂಡದ್ದೂ ನೆನಪಿದೆ.

ತಟ್ಟೆ ಹೋಗುವುದು ಬಡವರ ಮನೆಗೆ ಅಂತಲ್ಲ. ಪಕ್ಕದ ಮನೆಗೆ. ಹಿಂದೂ, ಮುಸ್ಲಿಂ, ಜೈನ, ಯಾರಿದ್ದರೆ ಅವರಿಗೆ. ತಲೆ ತಗ್ಗಿಸುವ ಪ್ರಶ್ನೆ ಬಾರದಿರುವ ಗುಟ್ಟು ಇಲ್ಲಿದೆ ಎಂದು ನನಗನ್ನಿಸುತ್ತದೆ. ದೀಪಾವಳಿಗೆ ಆ ಮನೆಯಿಂದ ಬಂದಿತ್ತು, ಕ್ರಿಸ್‌ಮಸ್‌ಗೆ ಈ ಮನೆಯಿಂದ ಹೋಗುತ್ತದೆ.

ಬೇಕರಿಯಿಂದ ಬಾಕ್ಸ್ ತರಿಸಿ ಹಂಚುವ ಮನೆಗಳು ಈಗ ಹೆಚ್ಚು. ಇಬ್ಬರೂ ಕೆಲಸಕ್ಕೆ ಹೋಗುವಾಗ ಬೇರೆ ದಾರಿಯಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಒಂದೇ ಒಂದು ಬಗೆಯನ್ನಾದರೂ ಮಕ್ಕಳ ಜೊತೆ ಮನೆಯಲ್ಲಿ ಮಾಡಿ, ಬಾಕ್ಸಿನ ಮೇಲೆ ಅದನ್ನೂ ಇಡಿ ಎಂದಷ್ಟೇ ಹೇಳಬಲ್ಲೆ.

'ನಮಗೇಕೆ ಕ್ರಿಸ್‌ಮಸ್?'

ಓದುಗರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ, ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ಮಾತು. ಕ್ರಿಸ್‌ಮಸ್ ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಕೊಯಮತ್ತೂರು ಸೀಮೆ 1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರ ಕೈ ಸೇರುವವರೆಗೂ ಮೈಸೂರಿನದಾಗಿತ್ತು. 17ನೆಯ ಶತಮಾನದಲ್ಲೇ ಜೆಸ್ವಿತ್ ಪಾದ್ರಿಗಳು ಶ್ರೀರಂಗಪಟ್ಟಣ, ಸತ್ಯಮಂಗಲ ಕಡೆ ಓಡಾಡಿದ್ದರು. ಅವರಲ್ಲೊಬ್ಬರಾದ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಕನ್ನಡದಲ್ಲೇ ಬರೆದವರು. ನಮ್ಮ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಚರ್ಚಿನ ಬೇರೂ ಆ ಶತಮಾನದ್ದೇ. 1830ರಲ್ಲಿ ಲಂಡನ್ ಮಿಷನ್ನಿನವರು ಕೊಯಮತ್ತೂರಿಗೆ ಬಂದರು. ಇನ್ನು ಕೊಳ್ಳೇಗಾಲವಂತೂ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ. ಮಾರ್ಟಳ್ಳಿಯಲ್ಲಿ ಇಂದಿಗೂ ತಮಿಳು ಮಾತಾಡುವ ಕ್ರೈಸ್ತರು ಬಹಳ ಜನ. ಅಲ್ಲಿ ಅವರು ಕನ್ನಡ ನಾಡಿನ ತಮಿಳರು, ಇಲ್ಲಿ ನಾವು ತಮಿಳು ನಾಡಿನ ಕನ್ನಡಿಗರು. ಗಡಿ ಹಾಕಿದವರಿಗೆ ಪಲಹಾರದ ತಟ್ಟೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಇನ್ನೊಂದು ಮಾತು, ನಮ್ಮದೇ ತಟ್ಟೆಯ ಬಗ್ಗೆ. ಹಳೇ ಮೈಸೂರು ಕಡೆ ಸಂಕ್ರಾಂತಿಯ ಸಂಜೆ ಹೆಣ್ಣುಮಕ್ಕಳು ಹೊಸ ಬಟ್ಟೆ ತೊಟ್ಟು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿಬೀಜ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಹಿಡಿದು ಮನೆಮನೆಗೆ 'ಎಳ್ಳು ಬೀರಲು' ಹೋಗುತ್ತಾರೆ. ಕೊಬ್ಬರಿ, ಬೆಲ್ಲ ಹೆಚ್ಚಿ ಒಣಗಿಸುವುದರಿಂದ ಹಿಡಿದು ಎಲ್ಲದರಲ್ಲೂ ಮಕ್ಕಳ ಕೈ ಇರುತ್ತದೆ. ಕುಸ್ವಾರಿಗೂ ಇದಕ್ಕೂ ಏನು ವ್ಯತ್ಯಾಸ? ಕೊಯಮತ್ತೂರು, ತಿರುಪ್ಪೂರಿಗೆ ಬಂದು ನೆಲೆಸಿದ ನಮ್ಮ ಎಷ್ಟೋ ಮನೆಗಳಲ್ಲಿ ಪೊಂಗಲ್ ಸಂಭ್ರಮದ ನಡುವೆ ಎಳ್ಳು ಬೀರುವುದು ಬಿಟ್ಟೇ ಹೋಗಿದೆ. ಕ್ರಿಸ್‌ಮಸ್ ಕಳೆದು ಮೂರೇ ವಾರಕ್ಕೆ ಸಂಕ್ರಾಂತಿ. 25ಕ್ಕೆ ಬಂದ ತಟ್ಟೆಗೆ ಅಂದು ನಮ್ಮ ಮಕ್ಕಳು ಎಳ್ಳುಬೆಲ್ಲ ಹಿಡಿದು ಹೋಗಬಹುದಲ್ಲ!

ಹಿಡಿ ಅಕ್ಕಿಯ ಲೆಕ್ಕ

ತಟ್ಟೆ ನೆರೆಮನೆಗಾಯಿತು, ಕಷ್ಟದಲ್ಲಿರುವವರಿಗೆ? ಅದಕ್ಕೂ ಮನೆಯೊಳಗೇ ಒಂದು ಹಳೆಯ ದಾರಿಯಿದೆ. ತಮಿಳಿನಲ್ಲಿ 'ಪಿಡಿ ಅರಿಸಿ', ನಮ್ಮಲ್ಲಿ 'ಮುಷ್ಟಿ ಅಕ್ಕಿ'. ಅನ್ನಕ್ಕೆ ಅಕ್ಕಿ ಅಳೆದುಕೊಂಡ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕುವುದು. ತಮಿಳುನಾಡಿನ ಹಲವು ಚರ್ಚುಗಳಲ್ಲಿ ಹೆಂಗಸರು ಹೀಗೆ ಕೂಡಿಟ್ಟು ತರುವ ರೂಢಿಯಿದೆ. ಕಂಚಿ ಮಠದ ಪರಮಾಚಾರ್ಯರೂ ಇದೇ ಪಿಡಿ ಅರಿಸಿಯನ್ನು ಮನೆಮನೆಗೆ ಹೇಳಿದವರು. ದೂರದ ಮಿಜೋರಾಂನಲ್ಲಿ ಇದಕ್ಕೆ 'ಬುಹ್‌ಫಾಯ್ ಥಾಮ್' ಎಂದು ಹೆಸರು, 20ನೆಯ ಶತಮಾನದ ಆರಂಭದಲ್ಲಿ ಬಡ ಗುಡ್ಡಗಾಡಿನ ಹೆಂಗಸರು ಶುರು ಮಾಡಿದ ಈ ಹಿಡಿ ಅಕ್ಕಿಯಿಂದ ಅಲ್ಲಿನ ಚರ್ಚುಗಳು ದೊಡ್ಡ ದೊಡ್ಡ ಕೆಲಸ ನಡೆಸಿವೆ.

ಇದರಲ್ಲಿ ಸೂಕ್ಷ್ಮವೊಂದಿದೆ. ಹಿಡಿ ಅಕ್ಕಿ ಮೂಟೆಯಿಂದ ಬರುವುದಲ್ಲ, ಅಳೆದಿಟ್ಟ ಇಂದಿನ ಅನ್ನದಿಂದ ಬರುವುದು. ಉಳಿದದ್ದನ್ನು ಕೊಡುವುದಲ್ಲ. ಏಸು ಹೇಳಿದರೆನ್ನಲಾದ ಬಡ ವಿಧವೆಯ ಕಥೆಯೂ ಇದೇ ಅಲ್ಲವೇ? ಧನಿಕರು ಹಾಕಿದ ಹಣದ ರಾಶಿಗಿಂತ ಅವಳ ಎರಡು ಕಾಸು ಹೆಚ್ಚಾಯಿತು, ಏಕೆಂದರೆ ಅವಳ ಹತ್ತಿರ ಇದ್ದದ್ದೇ ಅಷ್ಟು.

ಡಿಸೆಂಬರ್ 1ಕ್ಕೆ ಒಂದು ಡಬ್ಬ ಇಟ್ಟು, ದಿನಾ ಒಂದು ಹಿಡಿ ಹಾಕುವ ಕೆಲಸವನ್ನು ಮಗುವಿಗೇ ಬಿಡಿ. ಮಗುವಿನ ಹಿಡಿ ಎಷ್ಟಿದ್ದೀತು? 25 ದಿನಕ್ಕೆ ಒಂದು ಕೆ.ಜಿ. ಆಗುವುದೂ ಕಷ್ಟ. ಆಗದಿರಲಿ, ನೀವು ಅಷ್ಟೇ ಸೇರಿಸಿ. ಆದರೆ ಡಬ್ಬ ಏರುತ್ತಾ ಬಂದದ್ದನ್ನು ಅದು ನೋಡಿರುತ್ತದೆ. ಯಾರಿಗೆ ಕೊಡಬೇಕು ಎಂದು ಮಗುವನ್ನೇ ಕೇಳಿ. ಉತ್ತರ ಕೆಲವೊಮ್ಮೆ ನಮಗೆ ಹೊಳೆಯದ್ದಾಗಿರುತ್ತದೆ. ನನಗೆ ಗೊತ್ತಿರುವ ಮನೆಯೊಂದರಲ್ಲಿ ಆರು ವರ್ಷದ ಹುಡುಗಿ ಅಪಾರ್ಟ್‌ಮೆಂಟಿನ ವಾಚ್‌ಮನ್ ತಾತನ ಹೆಸರು ಹೇಳಿದಳು. 'ಅವರು ರಾತ್ರಿ ಒಬ್ಬರೇ ಊಟ ಮಾಡ್ತಾರೆ' ಅನ್ನುವುದು ಅವಳ ಕಾರಣ. ದೊಡ್ಡವರು ಯಾರೂ ಅದನ್ನು ಗಮನಿಸಿರಲಿಲ್ಲ.

ವಿಜ್ಞಾನಿಗಳು ಏನನ್ನುತ್ತಾರೆ?

ಇದೆಲ್ಲ ಅಜ್ಜಿಯ ಕಾಲದ ಮಾತು ಎನ್ನುವವರಿಗಾಗಿ ಎರಡು ಪ್ರಯೋಗಗಳು. 2012ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಲಾರಾ ಅಕ್ನಿನ್, ಕೈಲಿ ಹ್ಯಾಮ್ಲಿನ್, ಎಲಿಜಬೆತ್ ಡನ್ ಪ್ರಕಟಿಸಿದ ಅಧ್ಯಯನ ಒಂದು. ಎರಡು ವರ್ಷ ತುಂಬದ ಮಕ್ಕಳ ಮುಂದೆ ಬಟ್ಟಲಲ್ಲಿ ಬಿಸ್ಕತ್ತಿನಂಥ ತಿಂಡಿ ಇಟ್ಟರು, ಎದುರಿಗೊಂದು ಗೊಂಬೆ. ತಮಗೆ ತಿಂಡಿ ಸಿಕ್ಕಾಗಿನ ಮುಖಕ್ಕಿಂತ ಗೊಂಬೆಗೆ ಕೊಡುವಾಗಿನ ಮುಖವೇ ಹೆಚ್ಚು ಅರಳಿತ್ತು. ಅದರಲ್ಲೂ ಬೇರೆಯವರು ಕೈಗಿತ್ತ ತಿಂಡಿಯನ್ನು ಕೊಡುವಾಗಿಗಿಂತ ತಮ್ಮ ಬಟ್ಟಲಿನಿಂದಲೇ ತೆಗೆದು ಕೊಡುವಾಗ ಇನ್ನೂ ಖುಷಿ. ಅಪ್ಪನ ಸ್ವೆಟರಿಗೂ ಸ್ವಂತ ಕಿಡ್ಯೊಗೂ ಇರುವ ಅಂತರ ಇದೇ ಎನ್ನಬಹುದು.

ಇನ್ನೊಂದು 2008ರದು, ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ನಡೆಸಿದ್ದು. 20 ತಿಂಗಳ ಮಕ್ಕಳು ದೊಡ್ಡವರ ಕೈಜಾರಿ ಬಿದ್ದ ವಸ್ತುವನ್ನು ತಾವಾಗಿಯೇ ಎತ್ತಿಕೊಡುತ್ತವೆ. ಅದಕ್ಕೆ ಬಹುಮಾನ ಕೊಡುತ್ತಾ ಹೋದ ಮಕ್ಕಳು ಆಮೇಲೆ ಬಹುಮಾನವಿಲ್ಲದಾಗ ಸಹಾಯ ಮಾಡುವುದನ್ನೇ ಕಡಿಮೆ ಮಾಡಿದವು. ಏನೂ ಕೊಡದೆ ಬಿಟ್ಟ ಮಕ್ಕಳು ಮೊದಲಿನಂತೆಯೇ ಮಾಡುತ್ತಿದ್ದವು. ಆದ್ದರಿಂದ 'ತಂಗಿಗೆ ಕೊಟ್ಟರೆ ನಿನಗೆ ಐಸ್‌ಕ್ರೀಂ' ಎನ್ನುವ ವ್ಯಾಪಾರ ಬೇಡ. ಇಬ್ಬರಿಗೂ ಐಸ್‌ಕ್ರೀಂ ಕೊಡಿಸಿ, ಅದು ಬೇರೆ ವಿಷಯ.

ಕತ್ತಲಲ್ಲಿ ಕೊಟ್ಟವರು

ಕೆಂಪು ಬಟ್ಟೆಯ ತಾತನ ಮೂಲ 4ನೆಯ ಶತಮಾನದ ಮೈರಾ ಎಂಬ ಊರಿನ ಬಿಷಪ್ ನಿಕೊಲಾಸ್. ಆ ಊರು ಇಂದಿನ ಟರ್ಕಿಯಲ್ಲಿದೆ. ಮೂವರು ಹೆಣ್ಣುಮಕ್ಕಳ ಮದುವೆ ಮಾಡಲಾಗದೆ ಕಂಗಾಲಾಗಿದ್ದ ಬಡವನ ಮನೆಗೆ ಅವರು ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದರೆಂಬ ಕಥೆಯಿದೆ. ಕೊಟ್ಟವರು ಯಾರೆಂದು ತಿಳಿಯಬಾರದು, ಇಸಿದುಕೊಂಡವರು ಕೂಗಿ ಹೇಳುವಂತಾಗಬಾರದು. ನಮ್ಮಲ್ಲಿ ಶರಣರು ದಾನ ಎನ್ನದೆ ದಾಸೋಹ ಎಂದದ್ದೂ ಕೊಟ್ಟೆನೆಂಬ ಹಮ್ಮು ಬರಬಾರದು ಎಂದೇ.

ಈ ಗುಟ್ಟಿನ ಕೊಡುಗೆ ನಮ್ಮ ಮಿಷನ್ ಶಾಲೆ, ಹಾಸ್ಟೆಲುಗಳಲ್ಲಿ 'ಕ್ರಿಸ್ ಮಾಮ್, ಕ್ರಿಸ್ ಚೈಲ್ಡ್' ಆಟವಾಗಿ ಉಳಿದಿದೆ. ಚೀಟಿ ಎತ್ತಿ, ಬಂದ ಹೆಸರಿನವರಿಗೆ ತಾನು ಯಾರೆಂದು ಹೇಳದೆ ದಿನಾ ಏನಾದರೊಂದು ಮಾಡುವುದು. ಮನೆಯಲ್ಲೂ ಆಡಬಹುದು. ಖರ್ಚಿಲ್ಲ, ಒಂದೇ ನಿಯಮ, ದುಡ್ಡು ಕೊಟ್ಟು ತರುವಂತಿಲ್ಲ. ಅಜ್ಜಿಯ ಕನ್ನಡಕ ಒರೆಸಿಡುವುದು, ಅಣ್ಣನ ಸೈಕಲ್ಲಿಗೆ ಗಾಳಿ ಹೊಡೆದಿಡುವುದು... ಹಾಲೆಂಡಿನ ಮಕ್ಕಳು ನಿಕೊಲಾಸ್ ಹಬ್ಬಕ್ಕೆ ಬೂಟಿನಲ್ಲಿ ಉಡುಗೊರೆ ಬೇಡುವಾಗ ಆತನ ಕುದುರೆಗೆಂದು ಒಂದು ಕ್ಯಾರೆಟ್ಟನ್ನೂ ಇಡುತ್ತಾರಂತೆ. ಬೇಡುವ ಕೈ ಕುದುರೆಗಾದರೂ ಏನೋ ಕೊಡುತ್ತದೆ.

ತಿರುಪ್ಪೂರಿನ ಮಕ್ಕಳು

ಇಲ್ಲಿಯ ಮಾತು ಸ್ವಲ್ಪ ಬೇರೆ. ದೇಶದ ನಿಟ್‌ವೇರ್ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ತಿರುಪ್ಪೂರಿನಿಂದ. ಯೂರೋಪ್, ಅಮೆರಿಕದ ಮಕ್ಕಳು ಕ್ರಿಸ್‌ಮಸ್ ಮರದಡಿ ಬಿಚ್ಚುವ ಪೊಟ್ಟಣಗಳಲ್ಲಿ ನಮ್ಮವರು ಹೊಲಿದ ಬಟ್ಟೆ ಎಷ್ಟಿದ್ದಾವು! ಡಿಸೆಂಬರಿಗೆ ಅಲ್ಲಿ ಅಂಗಡಿ ಸೇರಬೇಕಾದ ಮಾಲಿಗೆ ಇಲ್ಲಿ ತಿಂಗಳುಗಟ್ಟಲೆ ಮೊದಲೇ ಓವರ್‌ಟೈಮ್ ನಡೆದಿರುತ್ತದೆ. ಇಷ್ಟೆಲ್ಲ ಉಡುಗೊರೆ ಹೊಲಿಯುವ ಅಪ್ಪ ಅಮ್ಮಂದಿರ ಮಕ್ಕಳನ್ನು ನಮ್ಮ ಕಾರ್ಯಕ್ರಮಗಳಲ್ಲಿ ಮಾತ್ರ ಯಾವಾಗಲೂ ಇಸಿದುಕೊಳ್ಳುವ ಸಾಲಿನಲ್ಲೇ ನಿಲ್ಲಿಸುತ್ತೇವೆ.

ಅವರಿಗೂ ಕೊಡಲಿಕ್ಕೆ ಬಿಡಬೇಕು. ಒಡಿಶಾ, ಬಿಹಾರ, ಜಾರ್ಖಂಡಿನಿಂದ ಬಂದವರು, ನಮ್ಮ ಸತ್ಯಮಂಗಲ, ತಾಳವಾಡಿ ಕಡೆಯಿಂದ ಹೋದವರು ಒಂದೇ ಲೈನ್ ಮನೆಗಳಲ್ಲಿ ಇರುತ್ತಾರೆ. ಅಲ್ಲಿನ ಮಗು ನಿಮ್ಮ ಮನೆಗೆ ಏನಾದರೂ ತಂದುಕೊಟ್ಟರೆ, ಒಂದು ಪೇರಳೆಹಣ್ಣೇ ಆಗಲಿ, 'ಅಯ್ಯೋ ನಿನಗೇ ಇರಲಿ ಕಂದಾ' ಅನ್ನಬೇಡಿ. ಪ್ರೀತಿಯಿಂದಲೇ ಹೇಳಿದರೂ ಅದು ಬಾಗಿಲು ಹಾಕಿದ ಹಾಗೆ. ಇಸಿದುಕೊಳ್ಳಿ, ಎದುರಿಗೇ ತಿನ್ನಿ, ಚೆನ್ನಾಗಿದೆ ಅನ್ನಿ. ನಿಮ್ಮ ಮಗು ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಇನ್ನೂ ಒಳ್ಳೆಯದು. ಕೊಡುವುದನ್ನು ಕಲಿಸುವ ನಾವು ಇಸಿದುಕೊಳ್ಳುವುದನ್ನು ಕಲಿಸುವುದೇ ಇಲ್ಲ. ಐದನೇ ತರಗತಿಯ ಆ ಹುಡುಗನಿಗೆ ಯಾರಾದರೂ ಅದನ್ನು ಕಲಿಸಿದ್ದರೆ 'ಬಿಚ್ಚು' ಎನ್ನುವ ಮಾತು ಬರುತ್ತಿರಲಿಲ್ಲವೇನೋ.

ಖಾಲಿ ತಟ್ಟೆ ವಾಪಸ್ ಕಳಿಸಬಾರದು ಎನ್ನುವ ನಮ್ಮ ಹಿರಿಯರ ಕಟ್ಟಳೆ ಇದಕ್ಕೇ ಇರಬೇಕು. ತಮಿಳರಲ್ಲೂ ಇದೆ, ನಮ್ಮಲ್ಲೂ ಇದೆ. ನಮ್ಮಮ್ಮ ತಟ್ಟೆ ತೊಳೆಯುತ್ತಿರಲಿಲ್ಲ, ಒರೆಸಿ ಒಂದು ಹಿಡಿ ಸಕ್ಕರೆ ಹಾಕಿ ಕಳಿಸುತ್ತಿದ್ದರು. ತಂದ ಮಗುವಿನ ಕೈಗೆ ಬೇರೆಯಾಗಿ ಒಂದು ಬಾಳೆಹಣ್ಣು.

ಕೊನೆಗೆ ಕೆಲವು ಬಿಡಿ ವಿಷಯ. ತಮಿಳುನಾಡಿನ ಶಾಲೆಗಳಲ್ಲಿ ಅರೆ ವಾರ್ಷಿಕ ಪರೀಕ್ಷೆ ಕ್ರಿಸ್‌ಮಸ್ ಹತ್ತಿರ ಬರುವವರೆಗೂ ನಡೆಯುತ್ತದೆ, ರಜೆ ಆಮೇಲೆಯೇ. ಆದ್ದರಿಂದ ಕಿಡ್ಯೊ ಸುತ್ತುವುದನ್ನು 23, 24ಕ್ಕೆ ಇಟ್ಟುಕೊಳ್ಳಿ. ಮೂರು ನಾಲ್ಕು ವರ್ಷದ ಮಗು ತನ್ನ ಇಷ್ಟದ ಆಟಿಕೆಯನ್ನು ಕೊಡಲ್ಲ ಎಂದು ಹಟ ಹಿಡಿದರೆ ಕಿತ್ತು ಕೊಡಬೇಡಿ. ಕಿತ್ತದ್ದು ಕೊಟ್ಟ ಹಾಗಲ್ಲ, ಮುಂದಿನ ವರ್ಷ ನೋಡೋಣ. ಹರಿದ ಬಟ್ಟೆ, ಗುಂಡಿ ಹೋದ ಅಂಗಿಯನ್ನು ಕೊಡುವ ಗಂಟಿಗೆ ಸೇರಿಸಬೇಡಿ, ಅದಕ್ಕೆ ಹಳೇ ಬಟ್ಟೆಯವನಿದ್ದಾನೆ. ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಿ, ನನ್ನಂಥವರನ್ನೂ ಕರೆಯಬೇಡಿ.

ತಟ್ಟೆ ಹಿಡಿದು ಮಗು ಒಂದೇ ಹೋಗಲಿ, ನೀವು ಬೇಕಾದರೆ ಗೇಟಿನ ಹತ್ತಿರ ನಿಂತು ನೋಡಿ. ಮೆಟ್ಟಿಲು ಹತ್ತುವಾಗ ಕಜ್ಜಾಯ ಒಂದು ಕಡೆಗೆ ಜಾರುತ್ತದೆ, ಜಾರಲಿ. ಆ ಮನೆ ಸೇರುವ ಹೊತ್ತಿಗೆ ಒಂದೆರಡು ಮುರುಕ್ಕು ಕಡಿಮೆಯಾಗಿದ್ದರೆ ಎಣಿಸಲು ಹೋಗಬೇಡಿ.